ಗಜಗಾಮಿನಿ ಬಸ್ಸು ಒಂಟಿಕೈ ಕೋಟೆಗೆ ಹೋದದ್ದು

ಒಂದಾನೊಂದು ಊರಿನಲ್ಲಿ ಒಬ್ಬ ಅರಸನಿದ್ದ. ಆ ಊರು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತೀರಿ, ನನ್ನ ಕತೆ ಅರ್ಧಕ್ಕೇ ನಿಲ್ಲುತ್ತದೆ. ಊರಿನ ಹೆಸರು ಒಂಟಿಕೈ ಕೋಟೆ. ಅರಸನ ಹೆಸರು ಹನ್ನೊಂದನೆಯ ಬಿರುದಂಕರಾಯ. ಮೊದಲಿನ ಹತ್ತು ಬಿರುದಂಕರಾಯರು ಯುದ್ಧ ಮಾಡಿ, ಕೆರೆ ತೋಡಿಸಿ, ಮದುವೆಯ ಮೇಲೆ ಮದುವೆ ಮಾಡಿಕೊಂಡು, ಇದ್ದಬದ್ದ ಕೆಲಸವನ್ನೆಲ್ಲ ಮುಗಿಸಿ ಹೋಗಿದ್ದರು. ಹನ್ನೊಂದನೆಯವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಅದಕ್ಕೇ ಅವನು ಉಪ್ಪರಿಗೆಯಲ್ಲಿ ಕೂತು, ಕೋಟೆ ನೋಡಲು ಬರುವವರ ಗಾಡಿ ನೋಡುತ್ತಿದ್ದ.

ನೋಡಿ ನೋಡಿ ಅವನಿಗೆ ಅದೇ ಹುಚ್ಚಾಯಿತು. ಒಂದು ಕಾಯಿದೆ ಮಾಡಿದ. ನಡೆದು ಬಂದವರಿಗೆ ಕೋಟೆಯ ಚರಿತ್ರೆ ಒಂದು ವಾಕ್ಯ. ಎತ್ತಿನ ಗಾಡಿಯಲ್ಲಿ ಬಂದವರಿಗೆ ಒಂದು ಪುಟ. ಕಾರಿನಲ್ಲಿ ಬಂದವರಿಗೆ ಒಂದು ಅಧ್ಯಾಯ, ಜೊತೆಗೆ ಒಂದು ಲೋಟ ಪಾನಕ. ನಾಡಿನಲ್ಲೇ ದೊಡ್ಡದಾದ ಬಸ್ಸನ್ನು ಮಾಡಿಕೊಂಡು, ಇಡೀ ಊರಿಗೆ ಊರೇ ಹೆಬ್ಬಾಗಿಲಿನಿಂದ ಒಳಗೆ ಬಂದರೆ ಪೂರ್ತಿ ಚರಿತ್ರೆ, ಆಮೇಲೆ ಒಂದು ಪ್ರಶ್ನೆ. ಆ ಪ್ರಶ್ನೆಗೆ ಅರಸನೇ ಎದ್ದುನಿಂತು ಉತ್ತರ ಕೊಡಬೇಕು. ಅಷ್ಟು ದೊಡ್ಡ ಬಸ್ಸು ಯಾರೂ ತರುವುದಿಲ್ಲ ಎಂದು ಮಂತ್ರಿ ಹೇಳಿದ್ದರಿಂದ ಅರಸ ಧೈರ್ಯವಾಗಿ ಸಹಿ ಹಾಕಿದ.

ನಡೆದು ಬಂದವರಿಗೆ ಹೇಳುತ್ತಿದ್ದ ಆ ಒಂದು ವಾಕ್ಯ ಯಾವುದು ಗೊತ್ತೇ? ಹೆಬ್ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿತ್ತು. "ಈ ಕೋಟೆಯನ್ನು ಅರಸರ ಮುತ್ತಜ್ಜನವರು ಒಬ್ಬರೇ ಒಂದೇ ಕೈಯಲ್ಲಿ ಕಟ್ಟಿದರು."

ಕೋಟೆಯಿಂದ ಮೂರು ಹರದಾರಿ ದೂರದಲ್ಲಿ ಕಲ್ಲುಹಟ್ಟಿ ಎಂಬ ಊರು. ಅಲ್ಲಿರುವವರೆಲ್ಲ ಕಲ್ಲುಕುಟಿಗರು. ಕೂಸು ಹುಟ್ಟಿದರೆ ಅದರ ಕೈಗೆ ಮೊದಲು ಸುತ್ತಿಗೆ ಮುಟ್ಟಿಸಿ ಆಮೇಲೆ ಜೇನು ನೆಕ್ಕಿಸುತ್ತಿದ್ದರು. ಊರಿನ ಹಿರಿಯಳು ಸಣ್ಣೀರಮ್ಮ. ಹೆಸರು ಸಣ್ಣೀರಮ್ಮನಾದರೂ ಆಳು ಆರಡಿ. ಅವಳು ಉಳಿ ಹಿಡಿದು ಅಕ್ಷರ ಕೊರೆದರೆ ಕಣ್ಣಿಲ್ಲದವರೂ ಬೆರಳಾಡಿಸಿ ಓದುತ್ತಿದ್ದರು. ಅಂಥ ಸಣ್ಣೀರಮ್ಮನ ಮನೆಗೆ ಒಂದು ದಿನ ಅರಸನ ಜವಾನ ಬಂದ.

"ಸುಣ್ಣದ ಬರಹ ಮಳೆಗೆ ತೊಳೆದುಹೋಗ್ತದೆ ಅಂತ ದೊರೆಗಳಿಗೆ ಚಿಂತೆ. ಸೋಮವಾರ ಬಂದು ಅದನ್ನೇ ಕಲ್ಲಲ್ಲಿ ಕೊರೆದುಕೊಡಬೇಕಂತೆ" ಎಂದ.

"ಏನಂತ ಕೊರೀಬೇಕು?"

"ಒಬ್ಬರೇ ಒಂದೇ ಕೈಯಲ್ಲಿ ಕಟ್ಟಿದರು ಅಂತ."

ಸಣ್ಣೀರಮ್ಮ ತಿನ್ನುತ್ತಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಆ ಕೋಟೆ ಕಟ್ಟಿದವರು ಕಲ್ಲುಹಟ್ಟಿಯವರು. ಅವಳ ಅಜ್ಜಿಯ ಅಜ್ಜಿ ಬೆನ್ನಿಗೆ ಕೂಸು ಕಟ್ಟಿಕೊಂಡು ಆ ಹೆಬ್ಬಾಗಿಲಿಗೆ ಕಲ್ಲು ಹೊತ್ತವಳು. ಸುಣ್ಣದಲ್ಲಿ ಸುಳ್ಳು ಬರೆದರೆ ಬರೆದುಕೊಳ್ಳಲಿ, ನಾಲ್ಕು ಮಳೆಗೆ ಹೋಗುತ್ತದೆ. ಕಲ್ಲಲ್ಲಿ ಬರೆದದ್ದು ಹೋಗುವುದಿಲ್ಲ. ಅದೂ ತಮ್ಮದೇ ಉಳಿಯಿಂದ ತಮ್ಮವರನ್ನೇ ಅಳಿಸುವುದೆಂದರೆ ಹೇಗೆ?

ಅವಳು ಮುದ್ದೆ ಅಲ್ಲೇ ಬಿಟ್ಟು ಮೂರು ಹರದಾರಿ ನಡೆದು ಕೋಟೆಗೆ ಹೋದಳು. ಬಾಗಿಲ ಕಾವಲುಗಾರ ಅವಳ ಬರಿಗಾಲು ನೋಡಿ ಒಂದು ವಾಕ್ಯ ಹೇಳಿದ. "ಒಬ್ಬರೇ ಒಂದೇ ಕೈಯಲ್ಲಿ ಕಟ್ಟಿದರು. ಮುಂದೆ ಹೋಗಿ."

"ಅಲ್ಲ ಸ್ವಾಮಿ, ಆ ಇನ್ನೊಂದು ಕೈ..."

"ನಡ್ಕೊಂಡು ಬಂದೋರಿಗೆ ಪ್ರಶ್ನೆ ಇಲ್ಲ. ಪ್ರಶ್ನೆ ಬೇಕಾದ್ರೆ ದೊಡ್ಡ ಬಸ್ಸು ಮಾಡ್ಕೊಂಡು ಬಾ" ಎಂದ ಕಾವಲುಗಾರ. ಸಣ್ಣೀರಮ್ಮ "ಹಾಗೇ ಆಗಲಿ" ಎಂದು ತಿರುಗಿ ನಡೆದಳು.

ಪೇಟೆಯಲ್ಲಿ ಉಸ್ಮಾನ್ ಸಾಬರೆಂಬ ಯಜಮಾನರಿದ್ದರು. ಮದುವೆ ದಿಬ್ಬಣಕ್ಕೆ, ತೀರ್ಥಯಾತ್ರೆಗೆ, ಶಾಲೆಯ ಪ್ರವಾಸಕ್ಕೆ ಬಸ್ಸು ಬಾಡಿಗೆಗೆ ಕೊಡುವವರು. ಅವರ ಶೆಡ್ಡಿನಲ್ಲಿ ಚಿಕ್ಕದು ದೊಡ್ಡದು ಎಲ್ಲ ಸೇರಿ ಒಂಬತ್ತು ಬಸ್ಸು. ಸಣ್ಣೀರಮ್ಮ ಊರಿನ ನಾಲ್ಕು ಜನರ ಜೊತೆ ಹೋದಳು. ಬಸ್ಸು ತೋರಿಸಿ ಎಂದಳು. ಸಾಬರು ಸೀಟು ತೋರಿಸಲು ಹೋದರು. ಇವಳು ಸೀಟಿನ ಕಡೆ ತಿರುಗಿಯೂ ನೋಡದೆ ಸೊಂಟದಿಂದ ಸುತ್ತಿಗೆ ತೆಗೆದಳು.

"ಅಯ್ಯೋ, ಏನ್ ಮಾಡ್ತಿದೀಯಮ್ಮ?"

"ನಾದ ನೋಡ್ತೀನಿ ಸಾಬ್ರೇ. ಬಡಿದು ನೋಡದೆ ಕಲ್ಲು ತಗೊಂಡೋರು ನಮ್ಮಲ್ಲಿ ಯಾರೂ ಇಲ್ಲ."

ಮೊದಲನೆಯ ಬಸ್ಸಿಗೆ ಬಡಿದಳು. ಡಬಡಬ ಎಂದಿತು. "ಇದು ಬರೀ ಮಣ್ಣು." ಎರಡನೆಯದಕ್ಕೆ ಬಡಿದಳು. ಗೊರಗೊರ ಎಂದಿತು. "ಇದಕ್ಕೆ ಒಳಗೆ ಬಿರುಕು." ಹೀಗೆ ಎಂಟು ಬಸ್ಸು ಬಡಿದಳು, ಎಂಟಕ್ಕೂ ಒಂದೊಂದು ಕೊಂಕು ಹೇಳಿದಳು. ಒಂಬತ್ತನೆಯದು ಶೆಡ್ಡಿನ ಆ ತುದಿಯಿಂದ ಈ ತುದಿಯವರೆಗೂ ಚಾಚಿಕೊಂಡಿತ್ತು. ಹಣೆಯ ಮೇಲೆ ಬಣ್ಣದಲ್ಲಿ ಗಜಗಾಮಿನಿ ಎಂದು ಹೆಸರು. ಅದಕ್ಕೆ ಬಡಿದಳು. ಠಣ್ ಎಂದಿತು. ಸಾಬರು ಚಹಾ ತರಿಸಿದರು, ಎಲ್ಲರೂ ಕುಡಿದರು, ಲೋಟ ತೊಳೆದಿಟ್ಟರು, ಆಗಲೂ ಆ ನಾದ ನಿಂತಿರಲಿಲ್ಲ.

"ಇದೇ ಬೇಕು" ಎಂದಳು ಸಣ್ಣೀರಮ್ಮ.

ಆಗ ಗಜಗಾಮಿನಿ ಬಾಯಿಬಿಟ್ಟಳು. "ಇಷ್ಟು ವರ್ಷದಲ್ಲಿ ಎಲ್ಲರೂ ನನ್ನ ಮೆತ್ತನೆ ಸೀಟು ಹೊಗಳಿದರು, ತಣ್ಣನೆ ಗಾಳಿ ಹೊಗಳಿದರು. ನನ್ನ ದನಿ ಕೇಳಿದವಳು ನೀನೊಬ್ಬಳೇ. ಎಲ್ಲಿಗೆ ಕರೆದರೂ ಬರ್ತೀನಿ."

ಬಾಡಿಗೆಗೆ ಏನು ಕೊಡುತ್ತೀರಿ ಎಂದು ಸಾಬರು ಕೇಳಿದರು. "ನಿಮ್ಮನೆಗೆ ಒಂದು ರುಬ್ಬೋ ಕಲ್ಲು. ಏಳು ತಲೆಮಾರು ರುಬ್ಬಿದ್ರೂ ಸವೆಯಲ್ಲ. ಯಾರಾದ್ರೂ ಸುಳ್ಳು ಹೇಳ್ತಾ ರುಬ್ಬಿದ್ರೆ ಮಾತ್ರ ಹಿಟ್ಟು ಹುಳಿಯಾಗ್ತದೆ" ಎಂದಳು. ಸಾಬರು ಮನೆಯಲ್ಲಿ ಯಾರು ಯಾರು ಏನೇನು ಹೇಳುತ್ತಾರೆಂದು ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸಿ, ಉಪ್ಪಿನಕಾಯಿಯ ಖಾರ ಅರೆಯುವುದಕ್ಕೆ ಮಾತ್ರ ಉಪಯೋಗಿಸಿದರಾಯಿತು, ಅದು ಹುಳಿಯಾದರೆ ನಷ್ಟವಿಲ್ಲ ಎಂದು ಒಪ್ಪಿಕೊಂಡರು.

ಭಾನುವಾರ ಬೆಳಗ್ಗೆ ಡ್ರೈವರ್ ಚೌಡಪ್ಪ ಗಜಗಾಮಿನಿಯನ್ನು ಕಲ್ಲುಹಟ್ಟಿಗೆ ತಂದು ನಿಲ್ಲಿಸಿದ. ಊರೆಲ್ಲ ಬಂದು ಸೇರಿತ್ತು. ಕಲ್ಲುಹಟ್ಟಿಯಲ್ಲಿ ಒಂದು ಪದ್ಧತಿ. ದೊಡ್ಡ ಕಲ್ಲು ಎತ್ತುವಾಗ ಊರಿನ ಎಲ್ಲರ ಕೈಯೂ ತಗಲಬೇಕು. ಒಂದು ಕೈ ಕಡಿಮೆಯಾದರೆ ಕಲ್ಲು ಮುನಿಸಿಕೊಂಡು ಕೂತುಬಿಡುತ್ತದೆ. ಹಾಗಾಗಿ ತೊಂಬತ್ತರ ಮುದುಕರು, ಒಂಬತ್ತು ದಿನದ ಬಾಣಂತಿ, ಮಾವನ ಮೇಲೆ ಸಿಟ್ಟು ಮಾಡಿಕೊಂಡು ಅಟ್ಟ ಹತ್ತಿದ್ದ ಅಳಿಯ, ಎಲ್ಲರೂ ಬಂದಿದ್ದರು. ಚೌಡಪ್ಪ ಬಾಗಿಲು ತೆಗೆದ.

"ಹತ್ತಿ ಅಜ್ಜಿ."

ಯಾರೂ ಹತ್ತಲಿಲ್ಲ. ಇಬ್ಬರು ಮುಂದಿನಿಂದ ಹಗ್ಗ ಕಟ್ಟುತ್ತಿದ್ದರು. ನಾಲ್ವರು ಚಕ್ರದ ಕೆಳಗೆ ದುಂಡು ಮರ ತಂದು ಇಡುತ್ತಿದ್ದರು.

"ಇದೇನಜ್ಜಿ?"

"ಉರುಳೆ. ದೊಡ್ಡದು ಸಾಗಬೇಕಾದ್ರೆ ಕೆಳಗೆ ಉರುಳೆ ಬೇಕಲ್ಲಪ್ಪ."

"ಚಕ್ರಾನೇ ಉರುಳ್ತದಲ್ಲ?"

"ಹಾಗಾದ್ರೆ ಉರುಳೆಗೆ ಉರುಳೆ. ಇನ್ನೂ ಒಳ್ಳೇದಾಯ್ತು."

"ಅಜ್ಜಿ, ಈ ಬಸ್ಸು ತಾನೇ ಹೋಗ್ತದೆ. ಎಳೀಬೇಕಾಗಿಲ್ಲ."

"ತಾನೇ ಹೋಗೋದಾದ್ರೆ ನಾವ್ಯಾಕೆ?"

"ಕೂತ್ಕೊಳ್ಳೋದಕ್ಕೆ."

"ಕೂತ್ಕೊಳ್ಳೋಕೆ ನಮ್ಮನೆ ಜಗಲಿ ಇಲ್ವಾ? ನೀನು ಒಳಗಿರಪ್ಪ. ನಮ್ಮ ಊರಿಗೆ ಬಂದ ನೆಂಟ ನೀನು" ಎಂದು ಸಣ್ಣೀರಮ್ಮ ಅವನನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕಿದಳು. ಮುನ್ನೂರು ಜನ ಹಗ್ಗ ಹಿಡಿದರು. ಬಾಣಂತಿಯ ಕೂಸಿನ ಬೆರಳನ್ನೂ ಹಗ್ಗಕ್ಕೆ ತಾಗಿಸಿದರು. "ಐಸಾ" ಎಂದರು. ಗಜಗಾಮಿನಿ ಹೊರಟಳು.

ನೀವು ನಗುತ್ತಿದ್ದೀರಿ. ನಗಿ. ಬಸ್ಸು ಬಾಡಿಗೆಗೆ ತಂದು ಅದನ್ನೇ ಎಳೆದುಕೊಂಡು ಪ್ರವಾಸ ಹೋದವರು ಭೂಮಿಯ ಮೇಲೆ ಅವರೇ ಮೊದಲು, ಅವರೇ ಕೊನೆ. ಆದರೆ ಕೆಲಸದಲ್ಲಿ ಹುಟ್ಟಿ ಕೆಲಸದಲ್ಲೇ ಬೆಳೆದವರಿಗೆ ದೊಡ್ಡದೊಂದು ಎದುರಿಗೆ ನಿಂತರೆ ಎಳೆಯಬೇಕು ಎಂದೇ ಅನ್ನಿಸುವುದು. ಒಳಗೆ ಕೂರಬಹುದು ಎಂದು ಅನ್ನಿಸುವುದೇ ಇಲ್ಲ.

ಚೌಡಪ್ಪ ಮೊದಮೊದಲು ಸ್ಟೇರಿಂಗು ಹಿಡಿದು ನಾಚಿಕೊಂಡು ಕೂತ. ಆಮೇಲೆ ಎದ್ದು ಕಿಟಕಿಯ ಪಕ್ಕದ ಸೀಟಿಗೆ ಬಂದ. ಆಮೇಲೆ ಇನ್ನೊಂದು ಕಿಟಕಿಗೆ ಹೋದ. ಕೊನೆಗೆ ಎಲ್ಲ ಸೀಟಿನಲ್ಲೂ ಒಂದೊಂದು ಗಳಿಗೆ ಕೂತು ನೋಡಿದ. "ಇಪ್ಪತ್ತು ವರ್ಷ ಇದೇ ದಾರೀಲಿ ಓಡಾಡಿದೀನಿ. ಪಕ್ಕದಲ್ಲಿ ಒಂದು ಕೆರೆ ಐತೆ ಅಂತ ಇವತ್ತು ಗೊತ್ತಾಯ್ತು" ಎಂದು ಗಜಗಾಮಿನಿಗೆ ಹೇಳಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಗಜಗಾಮಿನಿಗೆ ಅದನ್ನು ಗಮನಿಸಲು ಪುರಸೊತ್ತಿರಲಿಲ್ಲ. ಹಿಂದಿನಿಂದ ಬೇರೆ ಬಸ್ಸುಗಳು ಹಾರನ್ನು ಹೊಡೆಯುತ್ತಾ ಬಂದು, "ಏನಮ್ಮ, ಎಂಜಿನ್ನು ಕೈಕೊಡ್ತಾ?" ಎಂದು ಗೇಲಿ ಮಾಡುತ್ತಿದ್ದವು.

"ನೀವು ಜನರನ್ನ ಹೊತ್ಕೊಂಡು ಹೋಗ್ತಿದೀರಿ. ನನ್ನನ್ನ ಜನ ಕರ್ಕೊಂಡು ಹೋಗ್ತಿದಾರೆ" ಎಂದಳು ಗಜಗಾಮಿನಿ. ಆ ಬಸ್ಸುಗಳು ಹಾರನ್ನು ನಿಲ್ಲಿಸಿ ಮುಂದೆ ಹೋದವು.

ಮಧ್ಯಾಹ್ನದ ಊಟದ ಹೊತ್ತಿಗೆ ಕೋಟೆ ತಲುಪಿದರು. ಅರಸ ಉಪ್ಪರಿಗೆಯಲ್ಲಿ ಅನ್ನಕ್ಕೆ ಸಾರು ಕಲಸುತ್ತಿದ್ದ. ಬಸ್ಸು ಕಂಡಿತು. ಕಲಸುವ ಕೈ ನಿಂತಿತು. ಅಷ್ಟು ದೊಡ್ಡ ಬಸ್ಸನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಕಾವಲುಗಾರ ಅಳತೆಕೋಲು ತಂದು ಬಾಗಿಲು ಅಳೆದ, ಬಸ್ಸು ಅಳೆದ. ಬಸ್ಸು ಈಚೆಗೆ ಒಂದು ಗೇಣು ಹೆಚ್ಚು, ಆಚೆಗೆ ಒಂದು ಗೇಣು ಹೆಚ್ಚು.

ಮಂತ್ರಿಗೆ ಜೀವ ಬಂದಂತಾಯಿತು. "ಹೆಬ್ಬಾಗಿಲಿನಿಂದ ಒಳಗೆ ಬಂದ ಬಸ್ಸಿಗೆ ಮಾತ್ರ ಪ್ರಶ್ನೆ ಅಂತ ಕಾಯಿದೆ. ಬಸ್ಸು ಹಿಡಿಸಲ್ಲ. ಎರಡು ಕಡೆಯೂ ಒಂದೊಂದು ಗೇಣು ಕತ್ತರಿಸಿ ತನ್ನಿ" ಎಂದ.

"ನನ್ನ ಮೈ ಮುಟ್ಟಿ ನೋಡು" ಎಂದಳು ಗಜಗಾಮಿನಿ. ಮಂತ್ರಿ ಎರಡು ಹೆಜ್ಜೆ ಹಿಂದೆ ಸರಿದ.

ಸಣ್ಣೀರಮ್ಮ ಹಗ್ಗ ಕೆಳಗಿಟ್ಟು ಬಾಗಿಲ ಹತ್ತಿರ ಹೋದಳು. ಕಲ್ಲಿಗೆ ಅಂಗೈ ಇಟ್ಟಳು. ಸಂದಿಯಲ್ಲಿ ಗಾರೆ ಇಲ್ಲ, ಸುಣ್ಣ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂತಿತ್ತು. ಮೇಲೆ ಬರೆದ ಬರಹವನ್ನು ಒಮ್ಮೆ ನೋಡಿದಳು. "ಇದನ್ನ ಏರಿಸಿದೋರು ನಮ್ಮೋರು. ಏರಿಸಿದೋರಿಗೆ ಇಳಿಸೋಕೆ ಬರಲ್ವಾ?" ಎಂದು ತನ್ನವರ ಕಡೆ ತಿರುಗಿದಳು.

ಏರಿಸುವಾಗ "ಐಸಾ" ಎನ್ನುತ್ತಾರೆ. ಇಳಿಸುವಾಗ ಅದನ್ನೇ ಹಿಂದಿನಿಂದ ಮುಂದಕ್ಕೆ ಹೇಳಬೇಕು, ಇಲ್ಲವಾದರೆ ಕಲ್ಲು ಇನ್ನೂ ಮೇಲಕ್ಕೇ ಹೋಗಿ ಮೋಡಕ್ಕೆ ತಗಲಿಕೊಳ್ಳುತ್ತದೆ. ಮುನ್ನೂರು ಜನ "ಸಾಐ, ಸಾಐ" ಎಂದರು. ಒಂದೊಂದೇ ಕಲ್ಲು ಇಳಿಯಿತು. ಅರಸನ ಸಾರನ್ನ ಆರುವಷ್ಟರಲ್ಲಿ ಹೆಬ್ಬಾಗಿಲು ನೆಲದ ಮೇಲೆ ಸಾಲಾಗಿ ಮಲಗಿತ್ತು.

ಆಗ ಬಾಣಂತಿ ಒಂದು ಕಲ್ಲಿನ ಮುಂದೆ ಕೂತು, "ಅಜ್ಜೀ, ಇಲ್ಲಿ ನೋಡು" ಎಂದಳು.

ಕಲ್ಲಿನ ಬೆನ್ನಲ್ಲಿ, ಅಂದರೆ ಇನ್ನೊಂದು ಕಲ್ಲಿಗೆ ಒತ್ತಿಕೊಂಡಿದ್ದ ಕಡೆ, ಒಂದು ಚಿಕ್ಕ ಚೇಳು ಕೊರೆದಿತ್ತು. ಪಕ್ಕದ ಕಲ್ಲಿನ ಬೆನ್ನಲ್ಲಿ ಒಂದು ಮೊರ. ಅದರ ಪಕ್ಕದ್ದರಲ್ಲಿ ಎರಡು ಮೀನು. ಎಲ್ಲ ಕಲ್ಲಿಗೂ ಒಂದೊಂದು ಗುರುತು. ಕಲ್ಲುಹಟ್ಟಿಯಲ್ಲಿ ಮನೆಗೊಂದು ಗುರುತಿದೆ. ಹೆಣ್ಣುಮಕ್ಕಳು ಅದನ್ನು ಮೊಣಕೈಯ ಹತ್ತಿರ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಯಾಕೆ ಎಂದು ಕೇಳಿದರೆ, ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಯಾವ ಹಿಂದು ಎಂದು ಯಾರಿಗೂ ಗೊತ್ತಿರಲಿಲ್ಲ. ಕಲ್ಲಿನ ಮುಖ ದೊರೆಗೆ, ಬೆನ್ನು ನಮಗೆ ಎಂದು ಆ ಕಾಲದವರು ಯಾರಿಗೂ ಕಾಣದ ಕಡೆ ತಮ್ಮ ಗುರುತು ಬರೆದು, ಮೇಲೆ ಇನ್ನೊಂದು ಕಲ್ಲು ಮುಚ್ಚಿ ಹೋಗಿದ್ದರು.

ಸಣ್ಣೀರಮ್ಮ ತೋಳು ಸರಿಸಿದಳು. ಅವಳ ಮನೆಯ ಗುರುತು ಬಾಚಣಿಗೆ. ಸಾಲಿನ ಉದ್ದಕ್ಕೂ ಬಗ್ಗಿ ನೋಡುತ್ತಾ ಹೋದಳು. ಹನ್ನೆರಡನೆಯ ಕಲ್ಲಿನಲ್ಲಿ ಬಾಚಣಿಗೆ ಇತ್ತು. ಒಂದು ಹಲ್ಲು ಸೊಟ್ಟ. ಬೆನ್ನ ಮೇಲಿನ ಕೂಸು ಅತ್ತಾಗ ಉಳಿ ಜಾರಿರಬೇಕು. ಸಣ್ಣೀರಮ್ಮ ಆ ಸೊಟ್ಟ ಹಲ್ಲಿನ ಮೇಲೆ ಬೆರಳಾಡಿಸಿದಳು. ಹೆಸರು ಗೊತ್ತಿಲ್ಲದ ಆ ಅಜ್ಜಿಯ ಕೈಯನ್ನೇ ಹಿಡಿದಷ್ಟು ಹಿಗ್ಗಾಯಿತು ಅವಳಿಗೆ.

ಗಜಗಾಮಿನಿ ಸಲೀಸಾಗಿ ಒಳಗೆ ಬಂದಳು. ಕಾಯಿದೆ ಎಂದರೆ ಕಾಯಿದೆ. ಪೂರ್ತಿ ಚರಿತ್ರೆ ಓದಿದರು. ಹತ್ತು ಬಿರುದಂಕರಾಯರ ಬಿರುದುಗಳನ್ನು ಓದುವಷ್ಟರಲ್ಲಿ ಓದುವವನಿಗೆ ಗಡ್ಡ ಬೆಳೆಯಿತು. ಕೊನೆಗೆ ಮಂತ್ರಿ, "ಒಂದು ಪ್ರಶ್ನೆ ಕೇಳಬಹುದು" ಎಂದ.

ಸಣ್ಣೀರಮ್ಮ ಕೇಳಿದಳು. "ಬುದ್ಧಿ, ನಿಮ್ಮ ಮುತ್ತಜ್ಜನೋರು ಒಂದು ಕೈಯಲ್ಲಿ ಕೋಟೆ ಕಟ್ತಿದ್ದಾಗ ಇನ್ನೊಂದು ಕೈ ಏನ್ ಮಾಡ್ತಿತ್ತು?"

ಆಸ್ಥಾನ ಗಡಬಡಿಸಿಹೋಯಿತು. ಇದನ್ನು ಯಾರೂ ಯೋಚಿಸಿರಲಿಲ್ಲ. ಮಜ್ಜಿಗೆಯ ಚೆಂಬು ಹಿಡಿದಿತ್ತು ಎಂದ ಒಬ್ಬ ಪಂಡಿತ. ಬೆನ್ನು ಕೆರೆಯುತ್ತಿತ್ತು ಎಂದ ಇನ್ನೊಬ್ಬ. ನೊಣ ಓಡಿಸುತ್ತಿತ್ತು ಎಂದ ಮತ್ತೊಬ್ಬ. ಅರಸ ತುಂಬ ಹೊತ್ತು ಯೋಚಿಸಿ ಎದ್ದುನಿಂತ. "ಮೀಸೆ ತಿರುವುತ್ತಿತ್ತು. ಬರೆದುಕೊಳ್ಳಿ" ಎಂದ.

"ಸರಿ ಬುದ್ಧಿ. ಚೆನ್ನಾಗಿ ಹೇಳಿದ್ರಿ" ಎಂದಳು ಸಣ್ಣೀರಮ್ಮ. "ನಿಮ್ಮದೂ ಅದೇ ರಕ್ತ, ಅದೇ ಮೀಸೆ. ನೋಡಿ, ಬಾಗ್ಲು ಇಳಿಸಿದೀವಿ. ಒಂದು ಕೈ ಮೀಸೆ ಮೇಲಿಟ್ಕೊಂಡು ಇನ್ನೊಂದರಲ್ಲಿ ಎತ್ತಿ ಇಟ್ಟುಬಿಡಿ. ನಾವು ಕಣ್ತುಂಬ ನೋಡ್ಕೊಂಡು, ನಾಳೆ ಅದನ್ನೇ ಕಲ್ಲಲ್ಲಿ ಕೊರೀತೀವಿ."

ಅರಸನಿಗೆ ಹಿಂದೆ ಸರಿಯುವ ದಾರಿ ಇರಲಿಲ್ಲ. ಊರೆಲ್ಲ ನೋಡುತ್ತಿತ್ತು. ಎಡಗೈಯಲ್ಲಿ ಮೀಸೆ ಹಿಡಿದ. ಬಲಗೈಯಲ್ಲಿ ಎಲ್ಲಕ್ಕಿಂತ ಚಿಕ್ಕ ಕಲ್ಲು ಹಿಡಿದ. ಎಳೆದ. ಕಲ್ಲು ಅಲ್ಲಾಡಲಿಲ್ಲ, ಮೀಸೆ ಅಲ್ಲಾಡಿತು. ಇನ್ನಷ್ಟು ಎಳೆದ. ಮೀಸೆ ಅರ್ಧ ಕೈಗೆ ಬಂತು.

"ಯಾಕೆ ಏಳೋದಿಲ್ಲ?" ಎಂದು ಅರಸ ಕಲ್ಲನ್ನೇ ಕೇಳಿದ.

"ಉಳಿದ ಕೈಗಳೆಲ್ಲ ಎಲ್ಲಿ?" ಎಂದಿತು ಕಲ್ಲು.

ಅಷ್ಟರಲ್ಲಿ ಬಾಗಿಲಿಲ್ಲದ ಕೋಟೆಯೊಳಗೆ ಎರಡು ಎಮ್ಮೆ ಬಂದು ಅರಮನೆಯ ಅಂಗಳದಲ್ಲಿ ಮಲಗಿದವು. ಕೋಟೆಯ ಊರಿನವರು, "ಬಾಗ್ಲೇ ಇಲ್ಲದ ಕೋಟೆ ನೋಡೋಕೆ ಇನ್ನು ಯಾರು ಬರ್ತಾರೆ?" ಎಂದು ಗುಸುಗುಸು ಶುರುಮಾಡಿದರು. ಅರಸ ಅಂಗೈ ನೋಡಿಕೊಂಡ. ಒಂದು ಬೊಬ್ಬೆ ಎದ್ದಿತ್ತು. ಹಿಂದಿನ ಹತ್ತು ಬಿರುದಂಕರಾಯರಲ್ಲಿ ಯಾರ ಅಂಗೈಯಲ್ಲೂ ಏಳದ ಬೊಬ್ಬೆ. ಅವನು ಅದನ್ನು ಮಂತ್ರಿಗೆ ತೋರಿಸಿದ, ಪಂಡಿತರಿಗೆ ತೋರಿಸಿದ, ಎಮ್ಮೆಗಳಿಗೂ ತೋರಿಸಿದ. ಕಿರೀಟ ತೊಟ್ಟ ದಿನವೂ ಅವನು ಅಷ್ಟು ಬೀಗಿರಲಿಲ್ಲ. ಕೊನೆಗೆ ಸಣ್ಣೀರಮ್ಮನಿಗೆ ತೋರಿಸಲು ಬಂದ.

ಸಣ್ಣೀರಮ್ಮ ತನ್ನ ಅಂಗೈ ಬಿಚ್ಚಿ ಅವನ ಅಂಗೈಯ ಪಕ್ಕದಲ್ಲಿ ಹಿಡಿದಳು. ಅದು ಪೂರ್ತಿ ಜಡ್ಡುಗಟ್ಟಿತ್ತು. ಅರಸ ಬಹಳ ಹೊತ್ತು ಆ ಕೈ ನೋಡಿದ. ಅವನ ಬೀಗು ಇಳಿಯಿತು, ದನಿ ಮೆತ್ತಗಾಯಿತು.

"ಕಟ್ಟಿಕೊಡಮ್ಮ" ಎಂದ.

"ನೀವು ಕೇಳಬೇಕಾಗಿರಲಿಲ್ಲ ಬುದ್ಧಿ. ಇಳಿಸಿದ್ದನ್ನ ಏರಿಸದೆ ಊಟ ಮಾಡೋರಲ್ಲ ನಾವು. ನೀವೂ ಬನ್ನಿ, ಒಂದು ಕೈ ಕಡಿಮೆಯಾಗಬಾರದು" ಎಂದಳು.

ಗಜಗಾಮಿನಿಯನ್ನು ಹೊರಗೆ ತಂದು ನಿಲ್ಲಿಸಿದರು. ಮುನ್ನೂರು ಜನ, ಚೌಡಪ್ಪ, ಅರ್ಧ ಮೀಸೆಯ ಅರಸ, ಎಲ್ಲರೂ ಕೈ ಹಚ್ಚಿದರು. ಐಸಾ ಎಂದರು. ಕಲ್ಲಿನ ಮೇಲೆ ಕಲ್ಲು ಏರಿತು. ಸಂಜೆಯ ಬಿಸಿಲು ಬರುವ ಹೊತ್ತಿಗೆ ಹೆಬ್ಬಾಗಿಲು ಮೊದಲಿನಷ್ಟೇ ಎತ್ತರ ನಿಂತಿತು. ಮೊದಲಿಗಿಂತ ಗಟ್ಟಿ ನಿಂತಿತು ಎಂದರೂ ಸುಳ್ಳಲ್ಲ. ಎಲ್ಲರೂ ಹಿಂದೆ ಸರಿದು ನೋಡಿದರು.

ಬಾಗಿಲ ತುಂಬ ಚೇಳು. ಬಾಗಿಲ ತುಂಬ ಮೊರ, ಮೀನು, ಉಳಿ, ಹೂಜಿ, ಹಲ್ಲಿ. ನಟ್ಟನಡುವೆ, ಎಲ್ಲರ ಕಣ್ಣಿಗೂ ಬೀಳುವ ಕಡೆ, ಒಂದು ಹಲ್ಲು ಸೊಟ್ಟಗಿರುವ ಬಾಚಣಿಗೆ. ಒಂದೂ ಬಿಡದಂತೆ ಎಲ್ಲ ಕಲ್ಲನ್ನೂ ಅವರು ತಿರುಗಿಸಿ ಇಟ್ಟಿದ್ದರು. ಬೆನ್ನು ಹೊರಗೆ, ಮುಖ ಒಳಗೆ. ಸುಣ್ಣದ ಬರಹ ಎರಡು ಕಲ್ಲುಗಳ ಸಂದಿಗೆ ಹೋಗಿ ಸೇರಿತ್ತು. ಅಲ್ಲಿ ಅದನ್ನು ಗೆದ್ದಲು ಬೇಕಾದರೆ ಓದಿಕೊಳ್ಳಲಿ.

ಅರಸ ಬಾಗಿಲನ್ನು ಮೇಲಿಂದ ಕೆಳಗೆ, ಆ ಬದಿಯಿಂದ ಈ ಬದಿಗೆ ನೋಡಿದ. ಎಷ್ಟು ಹುಡುಕಿದರೂ ಬರಿ ಕಲ್ಲು ಕಾಣಲಿಲ್ಲ.

"ಹಾಗಾದರೆ ನಾಳೆ ಸೋಮವಾರ ಎಲ್ಲಿ ಕೊರೀತೀಯಮ್ಮ?" ಎಂದು ಕೇಳಿದ.

"ಜಾಗ ಇಲ್ಲ ಬುದ್ಧಿ" ಎಂದಳು ಸಣ್ಣೀರಮ್ಮ. "ಎಲ್ಲಾ ಕಡೆ ಆಗ್ಲೇ ಬರೆದದೆ."

ಈ ಕತೆಯ ನೀತಿ ಏನೆಂದರೆ, ಬಸ್ಸು ಮಾಡಿಕೊಂಡು ಊರು ನೋಡಲು ಹೊರಟಾಗ ಬಾಗಿಲು ಎಷ್ಟು ಅಗಲ ಎಂದು ಅಳೆಯಲು ಹೋಗಬೇಡಿ. ಬಾಗಿಲು ಕಟ್ಟಿದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕತೆ ಬಸ್ಸಿನ ಜೊತೆ ಮುಂದಕ್ಕೆ ಹೋಯಿತು, ನಾನು ಇಲ್ಲೇ ಇಳಿದುಕೊಂಡೆ, ನೀವು ಎದ್ದು ಕೈ ತೊಳೆದುಕೊಳ್ಳಿ, ಎಲೆ ಹಾಕಿದ್ದಾರೆ.